ಲೆಕ್ಕದ ಕಚೇರಿಯಿಂದ ಬೆಳಕಿನ ಲೆಕ್ಕಕ್ಕೆ: ಸರ್ ಸಿ. ವಿ. ರಾಮನ್ನರ ಜೀವನ

ಆಂಟಾಪ್ ಹಿಲ್‌ನ ಕೇಂದ್ರ ಸರಕಾರಿ ನೌಕರರ ವಸತಿಯು ನಮ್ಮ ವಾಚಕರಿಗೆ ಅಪರಿಚಿತವಲ್ಲ. ಬೆಳಗಾದರೆ ಅಲ್ಲಿಂದ ಕಚೇರಿಗಳತ್ತ ಹೊರಡುವವರಲ್ಲಿ ಲೆಕ್ಕಪತ್ರಗಳೊಡನೆ ಆಯುಷ್ಯವನ್ನು ಸವೆಸುವವರು ಅನೇಕರು. ಇಂದು ನಾವು ಯಾರ ಜೀವನವನ್ನು ಹೇಳಹೊರಟಿರುವೆವೋ ಆ ಮಹನೀಯರೂ ಹತ್ತು ವರ್ಷಗಳ ಕಾಲ ಕೇಂದ್ರ ಸರಕಾರದ ಲೆಕ್ಕದ ಇಲಾಖೆಯಲ್ಲಿ ದುಡಿದವರು. ಅವರು ಗುಮಾಸ್ತರಾಗಿರಲಿಲ್ಲ, ಅಧಿಕಾರಿಗಳಾಗಿದ್ದರು ಎಂಬುದು ನಿಜ. ಆದರೆ ಹೊತ್ತಿಗೆ ಸರಿಯಾಗಿ ಹೋಗಿ ಹೊತ್ತಿಗೆ ಸರಿಯಾಗಿ ಬರಬೇಕಾದ ಕಟ್ಟು ಅವರಿಗೂ ತಪ್ಪಿರಲಿಲ್ಲ.

ಅವರನ್ನು ಈಗ ನೆನೆಯುವುದಕ್ಕೆ ಮತ್ತೊಂದು ಕಾರಣವೂ ಆಂಟಾಪ್ ಹಿಲ್‌ನಲ್ಲಿಯೇ ಇದೆ. 2019ರ ಮಾರ್ಚ್ ತಿಂಗಳಲ್ಲಿ ತೆರೆದ ಮೊನೋರೈಲಿನ ಮಾರ್ಗವು ಈ ಭಾಗದಲ್ಲಿ ಕಂಬದಿಂದ ಕಂಬಕ್ಕೆ ಕಾಂಕ್ರೀಟಿನ ತೊಲೆಗಳ ಮೇಲೆ ಹಾದುಹೋಗಿದೆ. ಇಂಥ ತೊಲೆಯ ಮೇಲೆ ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಬಾಗಿದಾಗ ಮೇಲ್ಮೈ ಕುಗ್ಗುತ್ತದೆ, ಕೆಳಮೈ ಹಿಗ್ಗುತ್ತದೆ. ಈ ಹಿಗ್ಗುಕುಗ್ಗಿಗೆ ಎಂಜಿನಿಯರರು ಸ್ಟ್ರೇನ್ ಎನ್ನುತ್ತಾರೆ. ಒಂದು ಕಿಲೋಮೀಟರು ಉದ್ದದ ವಸ್ತುವು ಒಂದೇ ಒಂದು ಮಿಲಿಮೀಟರು ಹಿಗ್ಗಿದರೆ ಅದು ಒಂದು ಮೈಕ್ರೋಸ್ಟ್ರೇನ್. ಎಳೆತಕ್ಕೆ ಸಿಕ್ಕಿದ ಕಾಂಕ್ರೀಟು ನೂರು, ನೂರೈವತ್ತು ಮೈಕ್ರೋಸ್ಟ್ರೇನಿನ ಆಸುಪಾಸಿನಲ್ಲಿ ಬಿರುಕುಬಿಡುತ್ತದೆ. ಇಷ್ಟು ಸೂಕ್ಷ್ಮವಾದುದನ್ನು ಅಳೆಯಲು ಕೂದಲಿಗಿಂತ ತುಸು ದಪ್ಪನಾದ ಗಾಜಿನ ಎಳೆಯನ್ನು, ಅಂದರೆ ಆಪ್ಟಿಕಲ್ ಫೈಬರನ್ನು, ಸೇತುವೆ, ಸುರಂಗ, ಅಣೆಕಟ್ಟುಗಳ ಮೈಗೆ ಅಂಟಿಸುವ ಪದ್ಧತಿ ಈಗ ಲೋಕದಲ್ಲೆಲ್ಲ ಬಂದಿದೆ. ಆದರೆ ಆ ಎಳೆಗೆ ಒಂದು ದೋಷವುಂಟು. ಭಾರದ ಸೆಳೆತ ಯಾವುದು, ಬಿಸಿಲಿನ ಕಾವು ಯಾವುದು ಎಂಬ ಭೇದ ಅದಕ್ಕೆ ತಿಳಿಯದು. ಈ ಭೇದವನ್ನು ತಿಳಿಸಿಕೊಡುವ ಕಿರಣವೊಂದಿದೆ. ಅದನ್ನು ಕಂಡವರೇ ಆ ಲೆಕ್ಕಾಧಿಕಾರಿಗಳು, ಸರ್ ಚಂದ್ರಶೇಖರ ವೆಂಕಟರಾಮನ್.

ರಾಮನ್ನರು 1888ನೆಯ ಇಸವಿ ನವೆಂಬರ್ 7ರಂದು ತಿರುಚಿನಾಪಳ್ಳಿಯಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರರು ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ, ಭೌತಶಾಸ್ತ್ರಗಳ ಅಧ್ಯಾಪಕರಾಗಿದ್ದರು. ಮನೆಯಲ್ಲಿ ಐಶ್ವರ್ಯವಿರಲಿಲ್ಲ, ಪುಸ್ತಕಗಳಿದ್ದುವು, ಸಂಗೀತವಿತ್ತು. ಬಾಲಕನು 11ನೆಯ ವಯಸ್ಸಿನಲ್ಲಿ ಮೆಟ್ರಿಕ್ಯುಲೇಶನ್ ಮುಗಿಸಿದನು. 1904ರಲ್ಲಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಪ್ರಥಮಸ್ಥಾನದಲ್ಲಿ ಬಿ. ಎ. ಪದವಿ, 1907ರಲ್ಲಿ ಎಂ. ಎ. ಪದವಿ. ಇವೆರಡರ ನಡುವೆ, ಹದಿನೆಂಟು ತುಂಬಿರುವಾಗಲೇ, ಬೆಳಕಿನ ಕುರಿತಾದ ಅವರ ಮೊದಲ ಲೇಖನವು ಇಂಗ್ಲೆಂಡಿನ ಒಂದು ಪ್ರಸಿದ್ಧ ವಿಜ್ಞಾನಪತ್ರಿಕೆಯಲ್ಲಿ ಅಚ್ಚಾಗಿತ್ತು.

ಇಂಥ ಬುದ್ಧಿವಂತನು ವಿಲಾಯತಿಗೆ ಹೋಗಿ ಓದಬೇಕೆಂದು ಗುರುಗಳು ಬಯಸಿದುದು ಸಹಜವೇ. ಆದರೆ ಪರೀಕ್ಷಿಸಿದ ವೈದ್ಯರು, ಈ ಕೃಶ ದೇಹವು ಅಲ್ಲಿಯ ಚಳಿಯನ್ನು ತಾಳಲಾರದೆಂದು ತಡೆದರು. ಆ ಕಾಲದಲ್ಲಿ ವಿಜ್ಞಾನವನ್ನು ಓದಿದ ಭಾರತೀಯನಿಗೆ ವಿಜ್ಞಾನದಲ್ಲಿಯೇ ಜೀವನೋಪಾಯವು ದೊರೆಯುವುದು ದುರ್ಲಭವಾಗಿತ್ತು. ರಾಮನ್ನರು ಹಣಕಾಸು ಇಲಾಖೆಯ ಪರೀಕ್ಷೆಗೆ ಕುಳಿತು ಮೊದಲಿಗರಾಗಿ ತೇರ್ಗಡೆ ಹೊಂದಿದರು. ಅದೇ ವರ್ಷ ಲೋಕಸುಂದರಿಯವರೊಡನೆ ವಿವಾಹವಾಯಿತು. 1907ರ ನಡುವಿನಲ್ಲಿ ದಂಪತಿಗಳು ಕಲಕತ್ತೆಗೆ ಬಂದಿಳಿದರು. ಗಂಡನಿಗೆ ಆಗಿನ್ನೂ ಹತ್ತೊಂಬತ್ತು ತುಂಬಿರಲಿಲ್ಲ; ಹುದ್ದೆ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್.

ಕಲಕತ್ತೆಯಲ್ಲಿ ಒಂದು ದಿನ ಟ್ರಾಮಿನಲ್ಲಿ ಹೋಗುತ್ತಿದ್ದಾಗ ಬೌಬಜಾರ್ ಬೀದಿಯಲ್ಲಿ ಒಂದು ಹಲಗೆ ಅವರ ಕಣ್ಣಿಗೆ ಬಿದ್ದಿತು. ಅದು 1876ರಲ್ಲಿ ಡಾಕ್ಟರ್ ಮಹೇಂದ್ರಲಾಲ ಸರ್ಕಾರರು ಸ್ಥಾಪಿಸಿದ ವಿಜ್ಞಾನಸಂಘದ ಹಲಗೆ. ಭಾರತೀಯರು ತಮ್ಮ ಕೈಯಿಂದಲೇ ಸಂಶೋಧನೆ ಮಾಡಬೇಕೆಂಬ ಆಶಯದಿಂದ ಕಟ್ಟಿದ ಆ ಭವನದಲ್ಲಿ ಉಪಕರಣಗಳಿದ್ದುವು, ಮೇಜುಗಳಿದ್ದುವು, ದುಡಿಯುವವರಿರಲಿಲ್ಲ. ಸಂಸ್ಥಾಪಕರು ಆ ಕೊರಗಿನಲ್ಲಿಯೇ ಗತಿಸಿದ್ದರು. ರಾಮನ್ನರು ಬಾಗಿಲು ತಟ್ಟಿದರು. ಆಶುತೋಷ ಡೇ ಎಂಬವರು ತೆರೆದರು. ಮುಂದೆ ಅನೇಕ ವರ್ಷ ಈ ಆಶುಬಾಬುವೇ ರಾಮನ್ನರ ಬಲಗೈಯಾಗಿದ್ದರು. ಇವರು ಕಾಲೇಜಿನ ಶಿಕ್ಷಣವನ್ನು ಪಡೆದವರಲ್ಲವೆಂಬುದನ್ನು ನಾವು ವಿಶೇಷವಾಗಿ ಹೇಳಬಯಸುತ್ತೇವೆ. ಕೈ ಚುರುಕಾಗಿದ್ದುದರಿಂದ, ಕಣ್ಣು ನಿಖರವಾಗಿದ್ದುದರಿಂದ ಅವರು ಪ್ರಯೋಗಶಾಲೆಗೆ ಅನಿವಾರ್ಯರಾದರು. ಅವರ ಹೆಸರಿನಲ್ಲಿಯೂ ಸಂಶೋಧನಾ ಲೇಖನಗಳು ಪ್ರಕಟವಾದುವು.

ಅಂದಿನಿಂದ ರಾಮನ್ನರ ದಿನಚರಿಯು ಹೀಗಿತ್ತು: ಬೆಳಗಿನ ಐದೂವರೆಗೆ ಸಂಘದ ಪ್ರಯೋಗಶಾಲೆ. ಹತ್ತಕ್ಕೆ ಕಾಲು ಗಂಟೆ ಇರುವಾಗ ಮನೆಗೆ ಓಡಿಬಂದು ಸ್ನಾನ, ಗಡಿಬಿಡಿಯ ಊಟ, ಒಡನೆಯೇ ಕಚೇರಿ. ಸಂಜೆ ಐದಕ್ಕೆ ಕಚೇರಿ ಬಿಟ್ಟೊಡನೆ ಮನೆಗೆ ಹೋಗದೆ ನೇರವಾಗಿ ಸಂಘಕ್ಕೆ. ರಾತ್ರಿ ಒಂಬತ್ತೂವರೆ, ಹತ್ತರ ಹೊತ್ತಿಗೆ ಮನೆ. ಭಾನುವಾರ ಇಡೀ ದಿನ ಅಲ್ಲಿಯೇ. ಇದು ಒಂದು ವಾರದ, ಒಂದು ತಿಂಗಳ ಉತ್ಸಾಹವಲ್ಲ. ಹತ್ತು ವರ್ಷಗಳ ಕ್ರಮ. ನಡುವೆ ರಂಗೂನಿಗೂ ನಾಗಪುರಕ್ಕೂ ವರ್ಗವಾದಾಗ ಮನೆಯ ಕೋಣೆಯನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡರು. ಹೋಟೆಲಿನ ಕೆಲಸ ಮುಗಿಸಿ, ಕೈಕಾಲು ತೊಳೆದು, ಕನ್ನಡ ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತು ಓದಿದವರು ಈ ನಗರದಲ್ಲಿ ಎಷ್ಟೋ ಮಂದಿ ಇದ್ದಾರೆ. ಆ ದಿನಚರಿಯ ಬೆಲೆಯನ್ನು ಅವರಿಗೆ ನಾವು ವಿವರಿಸಿ ಹೇಳಬೇಕಾಗಿಲ್ಲ. ಆ ಹತ್ತು ವರ್ಷಗಳ ಮನೆವಾರ್ತೆಯನ್ನು ಬಹುಮಟ್ಟಿಗೆ ಒಬ್ಬರೇ ಹೊತ್ತ ಲೋಕಸುಂದರಿಯವರ ಹೆಸರು ಮಾತ್ರ ಇಂಥ ಚರಿತ್ರೆಗಳಲ್ಲಿ ಒಂದೆರಡು ಸಾಲಿಗಿಂತ ಹೆಚ್ಚು ಬರುವುದಿಲ್ಲ. ಇದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ.

ಆ ಕಾಲದಲ್ಲಿ ಅವರು ಹೆಚ್ಚಾಗಿ ಅಭ್ಯಸಿಸಿದುದು ತಂತಿಗಳ ಕಂಪನವನ್ನು. ಪಿಟೀಲು, ವೀಣೆ, ತಂಬೂರಿಗಳ ತಂತಿ ಹೇಗೆ ನಡುಗುತ್ತದೆ, ಮೃದಂಗ ತಬಲಗಳ ಮುಚ್ಚಿಗೆಯು ಇತರ ಚರ್ಮವಾದ್ಯಗಳಂತಲ್ಲದೆ ಸುಸ್ವರವನ್ನು ಹೇಗೆ ಕೊಡುತ್ತದೆ ಎಂಬುದನ್ನು ಅವರು ಲೆಕ್ಕಹಾಕಿ ತೋರಿಸಿದರು. ತಂತಿಯನ್ನು ಬಿಗಿದರೆ ಸ್ವರ ಏರುತ್ತದೆಯೆಂಬುದು ಭಜನೆಯಲ್ಲಿ ತಂಬೂರಿ ಹಿಡಿದವರಿಗೆಲ್ಲ ಗೊತ್ತು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಗಾಜಿನ ಎಳೆಯ ವಿಚಾರಕ್ಕೆ ಬಂದಾಗ ಅದರ ಉಪಯೋಗವಿದೆ.

1917ರಲ್ಲಿ ಕಲಕತ್ತೆಯ ವಿಶ್ವವಿದ್ಯಾನಿಲಯದ ಸರ್ ಆಶುತೋಷ ಮುಖರ್ಜಿಯವರು ರಾಮನ್ನರನ್ನು ಭೌತಶಾಸ್ತ್ರದ ಪಾಲಿತ್ ಪ್ರಾಧ್ಯಾಪಕ ಪೀಠಕ್ಕೆ ಕರೆದರು. ಸರಕಾರಿ ಸಂಬಳದ ಸುಮಾರು ಅರ್ಧವೇ ಅಲ್ಲಿ ದೊರೆಯುತ್ತಿತ್ತು. ನಿವೃತ್ತಿವೇತನವುಳ್ಳ, ಬಡ್ತಿ ನಿಶ್ಚಿತವಾಗಿದ್ದ ಹುದ್ದೆಯನ್ನು ಬಿಟ್ಟುಬರುವುದೆಂದರೆ ಸಂಸಾರಸ್ಥನಿಗೆ ಸಣ್ಣ ಸಂಗತಿಯಲ್ಲ. ರಾಮನ್ನರು ಬಿಟ್ಟುಬಂದರು. ಪೀಠಕ್ಕೆ ಬರುವವರು ಮೊದಲು ವಿದೇಶದಲ್ಲಿ ತರಬೇತಿ ಪಡೆದಿರಬೇಕೆಂಬ ನಿಯಮಕ್ಕೆ ಅವರು ಒಪ್ಪಲಿಲ್ಲ. ನಿಯಮವನ್ನೇ ತಿದ್ದಬೇಕಾಯಿತು.

ಮುಂದಿನ ಸಂಗತಿಗೂ ನಮ್ಮ ಮುಂಬಯಿಗೂ ಸಂಬಂಧವಿದೆ. 1921ರಲ್ಲಿ ಆಕ್ಸ್‌ಫರ್ಡಿನ ಸಮ್ಮೇಳನವೊಂದಕ್ಕೆ ಹೋದ ರಾಮನ್ನರು ನಾರ್ಕುಂಡಾ ಎಂಬ ಹಡಗಿನಲ್ಲಿ ಹಿಂದಿರುಗಿದರು. ಮೆಡಿಟರೇನಿಯನ್ ಸಮುದ್ರದ ಕಡುನೀಲಿ ಅವರ ಮನಸ್ಸನ್ನು ಸೆಳೆಯಿತು. ಸಮುದ್ರವು ನೀಲಿಯಾಗಿ ಕಾಣುವುದು ಆಕಾಶದ ಪ್ರತಿಬಿಂಬದಿಂದ ಎಂಬುದು ಲಾರ್ಡ್ ರ‍್ಯಾಲೆಯವರ ಮತವಾಗಿತ್ತು. ಜೇಬಿನಲ್ಲಿದ್ದ ಒಂದು ನಿಕೋಲ್ ಪಟ್ಟಕದಿಂದ ರಾಮನ್ನರು ಆ ಪ್ರತಿಬಿಂಬದ ಬೆಳಕನ್ನು ಅಡಗಿಸಿ ನೋಡಿದರು. ನೀಲಿ ಅಳಿಯಲಿಲ್ಲ, ಇನ್ನೂ ಚೆಲುವಾಗಿ ಕಂಡಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿವೆಯೆಂದು ಅವರಿಗೆ ಖಚಿತವಾಯಿತು. ಸೆಪ್ಟೆಂಬರಿನಲ್ಲಿ ಹಡಗು ಮುಂಬಯಿ ಬಂದರಕ್ಕೆ ಬರುವಷ್ಟರಲ್ಲಿ ನೇಚರ್ ಪತ್ರಿಕೆಗೆ ಕಳುಹಿಸುವ ಪತ್ರ ಸಿದ್ಧವಾಗಿತ್ತು. ಅದರಡಿಯಲ್ಲಿ ಅವರು ಬರೆದ ವಿಳಾಸ ನಾರ್ಕುಂಡಾ ಹಡಗು, ಮುಂಬಯಿ ಬಂದರ ಎಂದೇ. ಮಂಗಳೂರಿನ ಕಡೆಯಿಂದ ಹಡಗು ಹತ್ತಿ ಹೊಟ್ಟೆಪಾಡಿಗಾಗಿ ಈ ಬಂದರದಲ್ಲಿ ಬಂದಿಳಿದ ಕನ್ನಡಿಗರು ಎಷ್ಟೋ ಸಾವಿರ. ಅದೇ ಬಂದರದಿಂದ ಅಂಥ ಪತ್ರವೂ ಹೊರಟಿತ್ತು.

ನೀರಾಯಿತು, ಅನಂತರ ಮಂಜುಗಡ್ಡೆ, ಸ್ಫಟಿಕ, ಗಾಜು. ಬೆಳಕು ಯಾವುದನ್ನು ಹೊಕ್ಕರೂ ಸ್ವಲ್ಪ ಚದುರುತ್ತದೆ. ಈ ಚದುರಿಕೆಯನ್ನು ಏಳು ವರ್ಷ ಶಿಷ್ಯರೊಡನೆ ಬೆನ್ನಟ್ಟಿದರು. ಚದುರಿದ ಬೆಳಕಿನಲ್ಲಿ ಹೊಕ್ಕ ಬಣ್ಣವಲ್ಲದೆ ಬೇರೊಂದು ಬಣ್ಣದ ಅತಿ ಕ್ಷೀಣವಾದ ಅಂಶವೂ ಇರುವಂತೆ ತೋರುತ್ತಿತ್ತು. ಅದು ಕಲ್ಮಷದ ಫಲವೆಂದು ಮೊದಲು ಭಾವಿಸಿ ದ್ರವಗಳನ್ನು ಮತ್ತೆ ಮತ್ತೆ ಶುದ್ಧಿಮಾಡಿದರು. ಅಂಶವು ಹೋಗಲಿಲ್ಲ. 1928ರ ಫೆಬ್ರವರಿ 28ರಂದು ಶಿಷ್ಯ ಕೆ. ಎಸ್. ಕೃಷ್ಣನ್ನರ ಜೊತೆಗೂಡಿ ನಡೆಸುತ್ತಿದ್ದ ಪ್ರಯೋಗದಲ್ಲಿ, ವರ್ಣದರ್ಶಕದ ಮೂಲಕ ಆ ಹೊಸ ಬಣ್ಣವು ಹಳೆಯದರಿಂದ ಬೇರೆಯಾಗಿಯೇ ನಿಂತುದು ಸ್ಪಷ್ಟವಾಗಿ ಕಂಡಿತು. ಬೆಳಕು ಅಣುವಿಗೆ ತಾಗಿದಾಗ ಒಮ್ಮೊಮ್ಮೆ ತನ್ನ ಶಕ್ತಿಯಲ್ಲಿ ಒಂದು ಪಾಲನ್ನು ಅಣುವಿನ ಕಂಪನಕ್ಕೆ ಕೊಟ್ಟು ಕೆಂಪಿನ ಕಡೆಗೆ ಸರಿಯುತ್ತದೆ. ಒಮ್ಮೊಮ್ಮೆ, ಮೊದಲೇ ಕಂಪಿಸುತ್ತಿರುವ ಅಣುವಿನಿಂದ ಶಕ್ತಿಯನ್ನು ಪಡೆದು ನೀಲಿಯ ಕಡೆಗೆ ಸರಿಯುತ್ತದೆ. ಇದೇ ರಾಮನ್ ಪರಿಣಾಮ. ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್, ಮಾಂಡೆಲ್‌ಷ್ಟಾಮ್ ಎಂಬಿಬ್ಬರು ಅದೇ ದಿನಗಳಲ್ಲಿ ಹರಳುಗಳಲ್ಲಿ ಇದನ್ನೇ ಕಂಡಿದ್ದರು. ಆದರೆ ರಾಮನ್ನರ ವಾರ್ತೆಯು ಮೊದಲು ಪ್ರಕಟವಾಯಿತು. ವಿವರವಾದ ಉಪನ್ಯಾಸವನ್ನು ಅವರು ಮಾರ್ಚ್ 16ರಂದು ಕೊಟ್ಟುದು ಬೆಂಗಳೂರಿನಲ್ಲಿ ಎಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. 1929ರಲ್ಲಿ ಸರ್ ಪದವಿ, 1930ರಲ್ಲಿ ನೊಬೆಲ್ ಪಾರಿತೋಷಕ. ಪಾರಿತೋಷಕವು ಪ್ರಕಟವಾಗುವುದಕ್ಕೆ ತಿಂಗಳುಗಳ ಮೊದಲೇ ಅವರು ಸ್ವೀಡನ್ನಿಗೆ ಹೋಗಲು ಹಡಗಿನ ಟಿಕೇಟುಗಳನ್ನು ಕಾದಿರಿಸಿದ್ದರೆಂದರೆ, ಅವರ ಆತ್ಮವಿಶ್ವಾಸದ ಅಳತೆ ಸಿಗುತ್ತದೆ.

ಆ ಆತ್ಮವಿಶ್ವಾಸಕ್ಕೆ ಮತ್ತೊಂದು ಮುಖವೂ ಇತ್ತು. 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ಜನರ ಬಾಯಲ್ಲಿ ಟಾಟಾ ಇನ್ಸ್ಟಿಟ್ಯೂಟಿನ, ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಅದೇ ವರ್ಷ ಮುಂಬಯಿ ವಿಶ್ವವಿದ್ಯಾನಿಲಯದ ಪದವೀಧರೆ ಕಮಲಾ ಭಾಗವತ್ ಎಂಬ ತರುಣಿ ಪ್ರವೇಶವನ್ನು ಬೇಡಿದಳು. ಹೆಣ್ಣೆಂಬ ಕಾರಣದಿಂದಲೇ ರಾಮನ್ನರು ನಿರಾಕರಿಸಿದರು. ಆಕೆ ಬೆಂಗಳೂರಿಗೆ ಹೋಗಿ ಸತ್ಯಾಗ್ರಹಕ್ಕೆ ಸಿದ್ಧಳಾದಳು. ಕೊನೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ, ಅವಮಾನಕರವಾದ ಶರತ್ತುಗಳ ಮೇಲೆ, ಸೇರಿಸಿಕೊಂಡರು. ವರ್ಷದ ಬಳಿಕ ಆಕೆಯ ಕೆಲಸವನ್ನು ಕಂಡು ಅವರ ಮನಸ್ಸು ಬದಲಾಯಿತು, ಇತರ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು. ಕಮಲಾ ಸೊಹೊನಿ ಎಂಬ ಹೆಸರಿನಿಂದ ಪ್ರಸಿದ್ಧರಾದ ಆಕೆ 1939ರಲ್ಲಿ ಕೇಂಬ್ರಿಜಿನ ಡಾಕ್ಟರೇಟ್ ಪಡೆದು, ಮುಂದೆ ಮುಂಬಯಿಯ ವಿಜ್ಞಾನ ಸಂಸ್ಥೆಯ ನಿರ್ದೇಶಕಿಯಾದರು. ಮಹಾಪುರುಷರ ಜೀವನವನ್ನು ಬರೆಯುವವರು ಈ ಪ್ರಸಂಗವನ್ನು ಮರೆಮಾಚುವುದುಂಟು. ಮರೆಮಾಚಿದರೆ ಆ ತರುಣಿಯ ಗೆಲುವೂ ಮರೆಯಾಗುತ್ತದೆಂದು ನಾವು ಇಲ್ಲಿ ಹೇಳಿದೆವು.

ಸಂಸ್ಥೆಯ ಆಡಳಿತದಲ್ಲಿಯೂ ಘರ್ಷಣೆಗಳಾದುವು. ಜರ್ಮನಿಯಿಂದ ಹೊರಬಂದ ವಿದ್ವಾಂಸರಿಗೆ ಬೆಂಗಳೂರಿನಲ್ಲಿ ಸ್ಥಾನ ಕೊಡಬೇಕೆಂದು ರಾಮನ್ನರು ಯತ್ನಿಸಿದರು. ಮ್ಯಾಕ್ಸ್ ಬಾರ್ನ್‌ರು ಬಂದು ಕೆಲವು ತಿಂಗಳಿದ್ದು ಹೋದರು. ಅವರನ್ನು ಉಳಿಸಿಕೊಳ್ಳಲು ಸಹೋದ್ಯೋಗಿಗಳು ಬಿಡಲಿಲ್ಲ. ಹಣವೆಲ್ಲ ಭೌತಶಾಸ್ತ್ರಕ್ಕೇ ಹೋಗುತ್ತಿದೆಯೆಂಬ ದೂರೂ ಇತ್ತು, ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. 1937ರಲ್ಲಿ ನಿರ್ದೇಶಕ ಪದವಿಯನ್ನು ಬಿಟ್ಟು ಪ್ರಾಧ್ಯಾಪಕರಾಗಿ ಮಾತ್ರ ಉಳಿದರು. ಅಧಿಕಾರ ಹೋದುದು ವಿಜ್ಞಾನಕ್ಕೆ ನಷ್ಟವಾಗಲಿಲ್ಲ. ಆ ಹೊತ್ತಿನಲ್ಲಿಯೇ ಬಿ. ವಿ. ರಾಘವೇಂದ್ರರಾಯರೊಡನೆ ಅವರು ದ್ರವಗಳಲ್ಲಿ ಮತ್ತೊಂದು ಬಗೆಯ ಚದುರಿಕೆಯನ್ನು ಅಭ್ಯಸಿಸಿದರು. ವಸ್ತುವಿನೊಳಗೆ ಕಿವಿಗೆ ಕೇಳದ ಸೂಕ್ಷ್ಮ ಶಬ್ದತರಂಗಗಳು ಸದಾ ಓಡುತ್ತಿರುತ್ತವೆ. ಅವುಗಳಿಗೆ ತಾಗಿದ ಬೆಳಕು ಅತ್ಯಲ್ಪವಾಗಿ ಬಣ್ಣ ಬದಲಿಸುತ್ತದೆ. ಫ್ರಾನ್ಸಿನ ಬ್ರಿಲ್ವಾ ಎಂಬ ವಿದ್ವಾಂಸರು ಇದನ್ನು 1922ರಲ್ಲಿಯೇ ಊಹಿಸಿದ್ದರು. ಯುದ್ಧದ ವರ್ಷಗಳಲ್ಲಿ ರಾಮನ್ನರ ವಿಭಾಗದಲ್ಲಿ ಮುಂಬಯಿಯ ತರುಣ ಹೋಮಿ ಭಾಭಾ ಕೆಲಸ ಮಾಡುತ್ತಿದ್ದರು. ಅವರು ಮುಂದೆ ಕಟ್ಟಿದ ಅಣುಶಕ್ತಿ ಕೇಂದ್ರವು ಆಂಟಾಪ್ ಹಿಲ್‌ನಿಂದ ಪೂರ್ವಕ್ಕೆ, ಟ್ರಾಂಬೆಯಲ್ಲಿದೆ.

1948ರಲ್ಲಿ ನಿವೃತ್ತರಾದ ರಾಮನ್ನರು ಮೈಸೂರು ಮಹಾರಾಜರು ಕೊಟ್ಟಿದ್ದ ಜಾಗದಲ್ಲಿ ತಮ್ಮದೇ ಸಂಶೋಧನಾಲಯವನ್ನು ತೆರೆದರು. ಸರಕಾರದ ಹಣಕ್ಕೆ ಕೈಚಾಚಲು ಅವರಿಗೆ ಇಷ್ಟವಿರಲಿಲ್ಲ. ಊರೂರು ಸುತ್ತಿ ದೇಣಿಗೆ ಕೂಡಿಸಿದರು. 1954ರಲ್ಲಿ ಭಾರತರತ್ನ. ಹೂವಿನ ಬಣ್ಣ, ವಜ್ರದ ಹೊಳಪು, ಕಣ್ಣಿನ ನೋಟ ಇವು ಕೊನೆಯ ವರ್ಷಗಳ ವಿಷಯಗಳು. ಹುಟ್ಟಿನಿಂದ ಅವರು ಕನ್ನಡಿಗರಲ್ಲ; ಆದರೆ 37 ವರ್ಷ ಕನ್ನಡ ನಾಡಿನ ನೀರು ಕುಡಿದರು. 1970ರ ನವೆಂಬರ್ 21ರಂದು ಬೆಂಗಳೂರಿನಲ್ಲಿ ದೇಹವಿಟ್ಟರು. ಸಂಶೋಧನಾಲಯದ ತೋಟದಲ್ಲಿಯೇ ದಹನವಾಯಿತು, ಅಲ್ಲೊಂದು ಮರವನ್ನು ನೆಟ್ಟರು.

ಅದೇ 1970ರಲ್ಲಿ ಅಮೆರಿಕದ ಕಾರ್ನಿಂಗ್ ಎಂಬ ಗಾಜಿನ ಕಾರಖಾನೆಯವರು, ಒಂದು ಕಿಲೋಮೀಟರು ದಾಟಿದ ಮೇಲೂ ಹೊಕ್ಕ ಬೆಳಕಿನಲ್ಲಿ ನೂರರಲ್ಲೊಂದು ಪಾಲು ಉಳಿಯುವಂಥ ಎಳೆಯನ್ನು ತಯಾರಿಸಿದರು. ಅಂದಿನ ಮಟ್ಟಿಗೆ ಅದು ದೊಡ್ಡ ಸಾಧನೆ. ಎಳೆಯು ಸುಧಾರಿಸುತ್ತ ಬಂದಂತೆ ದೂರವಾಣಿಯವರು ಅದನ್ನು ಹಿಡಿದರು. 1980ರ ದಶಕದಲ್ಲಿ ಅಳತೆಯವರೂ ಹಿಡಿದರು. ರಾಮನ್ನರ ಪರಿಣಾಮವು ಗಾಜಿನೆಳೆಯನ್ನು ಹೊಕ್ಕುದು ಹೀಗೆ.

ಎಳೆಯ ಒಂದು ತುದಿಯಿಂದ ಲೇಸರ್ ಬೆಳಕಿನ ಒಂದು ಮಿಡಿತವನ್ನು ಬಿಡುತ್ತಾರೆ. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುತ್ತದೆ. ದಾರಿಯುದ್ದಕ್ಕೂ ಒಂದಿಷ್ಟು ಬೆಳಕು ಚದುರಿ ಹಿಂದಿರುಗುತ್ತದೆ. ಒಂದು ಮೀಟರು ಹೆಚ್ಚು ದೂರದಿಂದ ಬಂದುದು ಒಂದು ಸೆಕೆಂಡಿನ ಹತ್ತು ಕೋಟಿಯಲ್ಲೊಂದು ಭಾಗದಷ್ಟು ತಡವಾಗಿ ಬರುತ್ತದೆ. ಆದುದರಿಂದ ಹೊತ್ತನ್ನು ನೋಡಿ ಜಾಗವನ್ನು ಹೇಳಬಹುದು. ಹೀಗೆ ಮರಳಿದ ಬೆಳಕಿನಲ್ಲಿ ಬ್ರಿಲ್ವಾ ಚದುರಿಕೆಯ ಅಂಶವು ಗಾಜಿನೊಳಗಿನ ಶಬ್ದದ ವಾರ್ತೆಯನ್ನು ತರುತ್ತದೆ. ಎಳೆಯನ್ನು ಸೆಳೆದರೆ ಅದರ ಸ್ವರವು ಏರುತ್ತದೆ, ತಂಬೂರಿಯ ತಂತಿಯನ್ನು ಬಿಗಿದಂತೆ. ತೊಲೆಯ ಮೇಲ್ಗಡೆ ಒಂದು, ಕೆಳಗಡೆ ಒಂದು ಎಳೆಯನ್ನಿಟ್ಟು ಎರಡರ ವ್ಯತ್ಯಾಸವನ್ನು ನೋಡಿದರೆ ಬಾಗಿದುದು ಎಷ್ಟೆಂದು ತಿಳಿಯುತ್ತದೆ.

ಇಲ್ಲಿಯೇ ತೊಡಕು. ಕಾವೇರಿದರೂ ಆ ಸ್ವರವು ಏರುತ್ತದೆ. ಒಂದು ಡಿಗ್ರಿ ಸೆಲ್ಸಿಯಸ್ ಕಾವು ಸುಮಾರು 20 ಮೈಕ್ರೋಸ್ಟ್ರೇನ್ ಸೆಳೆತದಷ್ಟೇ ಬದಲಾವಣೆಯನ್ನುಂಟುಮಾಡುತ್ತದೆ. ಬೆಳಗಿನಿಂದ ಮಧ್ಯಾಹ್ನಕ್ಕೆ ಎಳೆಯು ಹತ್ತು ಡಿಗ್ರಿ ಕಾದರೆ, ಯಂತ್ರವು 200 ಮೈಕ್ರೋಸ್ಟ್ರೇನ್ ಎಂದು ಕೂಗುತ್ತದೆ. ಗಟ್ಟಿಯಾಗಿರುವ ತೊಲೆಯೂ ಬಿರಿದಂತೆ ತೋರುತ್ತದೆ. ಇದಕ್ಕಿಂತ ಅಪಾಯಕರವಾದುದು ಇದರ ತಿರುವುಮುರುವು. ರಾತ್ರಿ ಐದು ಡಿಗ್ರಿ ತಂಪಾದರೆ ನಿಜವಾದ ನೂರು ಮೈಕ್ರೋಸ್ಟ್ರೇನ್ ಸೆಳೆತವು ಲೆಕ್ಕದಲ್ಲಿ ಅಡಗಿಹೋಗಬಹುದು. ಮೇಲಿನ ಎಳೆ, ಕೆಳಗಿನ ಎಳೆ ಎಂದು ಕಳೆದುಹಾಕಿದರೂ ಪೂರ್ತಿ ಸರಿಹೋಗದು, ಏಕೆಂದರೆ ಬಿಸಿಲು ಕಾಯಿಸುವುದು ತೊಲೆಯ ಮೇಲ್ಮೈಯನ್ನೇ ಹೆಚ್ಚಾಗಿ. ಕಾವೇ ವಸ್ತುವನ್ನು ಸೆಳೆದು ಒಡೆಯುವುದೂ ಉಂಟು. ತಣ್ಣಗಿನ ದಪ್ಪ ಗ್ಲಾಸಿಗೆ ಕುದಿಯುವ ಚಹ ಹೊಯ್ದಾಗ ಒಳಮೈ ಹಿಗ್ಗಿ ಹೊರಮೈ ಹಿಗ್ಗದೆ ಅದು ಟಪ್ಪನೆ ಸೀಳುವುದನ್ನು ಹೋಟೆಲಿನವರು ಕಂಡೇ ಇರುತ್ತಾರೆ. ಆದುದರಿಂದ ಕಾವನ್ನು ಬೇರೆಯಾಗಿಯೇ ತಿಳಿಯಬೇಕು.

ರಾಮನ್ ಕಿರಣವು ಸಹಾಯಕ್ಕೆ ಬರುವುದು ಈ ಜಾಗದಲ್ಲಿ. ನೀಲಿಯ ಕಡೆಗೆ ಸರಿದ ಅಂಶವು ಮೊದಲೇ ಕಂಪಿಸುತ್ತಿರುವ ಅಣುಗಳಿಂದ ಹುಟ್ಟುವುದಷ್ಟೆ. ಕಾವು ಏರಿದಷ್ಟೂ ಅಂಥ ಅಣುಗಳು ಹೆಚ್ಚು, ಆ ಅಂಶವೂ ಹೆಚ್ಚು. ಕೆಂಪಿನ ಕಡೆಯದಕ್ಕೂ ಇದಕ್ಕೂ ಇರುವ ಪ್ರಮಾಣವನ್ನು ನೋಡಿ, ಎಳೆಯ ಪ್ರತಿ ಮೀಟರಿನ ಉಷ್ಣತೆಯನ್ನು ಒಂದು ಡಿಗ್ರಿಯ ಆಸುಪಾಸಿಗೆ ಹೇಳಬಹುದು. ಎಳೆಯನ್ನು ತುಸು ಸೆಳೆದರೆ ಈ ಪ್ರಮಾಣವು ಬದಲಾಗುವುದಿಲ್ಲವೆಂದೇ ಹೇಳಬೇಕು. ಸೆಳೆತವನ್ನು ಅರಿಯದ ಕಿರಣವೇ ಸೆಳೆತದ ಲೆಕ್ಕವನ್ನು ತಿದ್ದುತ್ತದೆ: ಬ್ರಿಲ್ವಾ ಕೊಟ್ಟ ಮೊತ್ತದಿಂದ ರಾಮನ್ ಹೇಳಿದ ಕಾವಿನ ಪಾಲನ್ನು ಕಳೆದರೆ ಉಳಿಯುವುದು ನಿಜವಾದ ಹಿಗ್ಗು. ಬೇರೆ ಉಪಾಯಗಳೂ ಇವೆ. ಒಂದು ಎಳೆಯನ್ನು ಅಂಟಿಸದೆ ಕೊಳವೆಯಲ್ಲಿ ಸಡಿಲವಾಗಿ ಬಿಟ್ಟರೆ ಅದಕ್ಕೆ ಕಾವು ಮಾತ್ರ ತಾಗುತ್ತದೆ. ಬ್ರ್ಯಾಗ್ ಎಂಬ ವಿಜ್ಞಾನಿಯ ಹೆಸರಿನ ಸೂಕ್ಷ್ಮ ಗೆರೆಗಳನ್ನು ಮೂಡಿಸಿದ ಎಳೆಗಳೂ ಬಳಕೆಯಲ್ಲಿವೆ. ಅವುಗಳ ಕಥೆ ಬೇರೆ. ಆದರೆ ಹತ್ತಾರು ಕಿಲೋಮೀಟರು ಉದ್ದಕ್ಕೂ, ಮೀಟರು ಮೀಟರಿಗೆ, ಕಾವನ್ನು ಮಾತ್ರ ಹೇಳುವ ಕೆಲಸವನ್ನು ಸುರಂಗಗಳಲ್ಲಿ, ವಿದ್ಯುತ್ತಿನ ಕೇಬಲ್ಲುಗಳಲ್ಲಿ, ಅಣೆಕಟ್ಟುಗಳ ಸೋರಿಕೆಯನ್ನು ಪತ್ತೆಹಚ್ಚುವುದರಲ್ಲಿ ರಾಮನ್ ಕಿರಣವೇ ಮಾಡುತ್ತಿದೆ.

ಈ ಕಿರಣವು ಬಹಳ ಕ್ಷೀಣ. ಕೋಟಿ ಬೆಳಕಿನ ಕಣಗಳಲ್ಲಿ ಒಂದರ ಲೆಕ್ಕ. ಹಿಂದಿರುಗಿದ ಒಂದು ಮಿಡಿತದಲ್ಲಿ ಅದು ಸಿಕ್ಕುವುದೇ ಕಷ್ಟವಾದುದರಿಂದ ಯಂತ್ರವು ಸಾವಿರಾರು ಮಿಡಿತಗಳನ್ನು ಬಿಟ್ಟು, ಬಂದುದನ್ನೆಲ್ಲ ಕೂಡಿಸಿ, ಸರಾಸರಿ ತೆಗೆದು ಆಮೇಲೆ ಅಂಕಿಯನ್ನು ಕೊಡುತ್ತದೆ. ಎಂಜಿನಿಯರನು ಅಷ್ಟು ಹೊತ್ತು ಕಾಯಬೇಕು. ಲೇಸರ್ ಹುಟ್ಟಿದುದು 1960ರಲ್ಲಿ. ಬೌಬಜಾರಿನ ಭವನದಲ್ಲಿ ಇದ್ದುದು ಸೂರ್ಯನ ಬೆಳಕು, ಒಂದು ಪಾದರಸದ ದೀಪ, ಒಂದು ಸಣ್ಣ ವರ್ಣದರ್ಶಕ ಮತ್ತು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಕಾದ ಕಣ್ಣುಗಳು.